ಕೂಟದ ಪ್ರಯೋಜನ

1

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದುದು ಸರ್ವವಿದಿತವಾದ ಸಂಗತಿ. ಇತಿಹಾಸಜ್ಞರು ಆ ಬರಹಗಳಿಂದ ಮೌರ್ಯರ ಆಳ್ವಿಕೆ ದಕ್ಷಿಣದಲ್ಲಿ ಎಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ತಿಳಿದರು. ಇಸಿಲವೆಂಬ ಪ್ರಾಚೀನ ಪಟ್ಟಣದ ಹೆಸರನ್ನು ಪಡೆದರು. ಆದರೆ ಸಾಹಿತ್ಯವನ್ನು ಪ್ರೀತಿಸುವವರು ಅಲ್ಲಿ ಗಮನಿಸತಕ್ಕದ್ದು ಬೇರೊಂದುಂಟು. ದೊರೆ ಆ ಬಂಡೆಯ ಮೇಲೆ ತನ್ನ ದಿಗ್ವಿಜಯವನ್ನು ಹೇಳಿಕೊಂಡಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಒಂದು ವರ್ಷ ಕಾಲ ತನ್ನಿಂದ ಹೇಳಿಕೊಳ್ಳತಕ್ಕ ಪ್ರಯತ್ನವೇನೂ ನಡೆಯಲಿಲ್ಲವೆಂದೂ, ಸಂಘದ ಬಳಿ ಸಾರಿದ ಮೇಲೆಯೇ ತನ್ನಲ್ಲಿ ಉತ್ಸಾಹ ಬಲಿಯಿತೆಂದೂ ಒಪ್ಪಿಕೊಂಡಿದ್ದಾನೆ. ಚಕ್ರವರ್ತಿಯ ಬಾಯಿಂದ ಬಂದ ಈ ತಪ್ಪೊಪ್ಪಿಗೆ ಎಷ್ಟು ಸಹಜವಾಗಿದೆ!

ಅಲ್ಲಿ ಹೇಳಿರುವ ಸಂಘ ಬೌದ್ಧ ಭಿಕ್ಷುಗಳ ಸಂಘ. ಬಯಲಾಟದ ಮೇಳವಲ್ಲ, ಭಜನೆಯ ಮಂಡಳಿಯಲ್ಲ. ಧರ್ಮಸಾಧನೆಯನ್ನೂ ವಿನೋದವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಆದರೂ ಆ ಮಾತಿನ ಹಿಂದಿರುವ ಅನುಭವ ಮನುಷ್ಯಮಾತ್ರರಿಗೆ ಸಾಮಾನ್ಯವಾದುದು. ಒಬ್ಬನೇ ಇದ್ದಾಗ ಒಲವಿರುತ್ತದೆ, ಉದ್ಯೋಗ ಸಾಗದು. ನಾಲ್ವರ ನಡುವೆ ಕುಳಿತಾಗ ಅದೇ ಒಲವಿಗೆ ಕೈಕಾಲು ಬರುತ್ತದೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ದೊರೆಯುವುದೆಂದು ಶಾಸನ ಮುಂದುವರಿದು ಸಾರುತ್ತದೆ. ಈ ಸೀಮೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು, ಮನುಷ್ಯನು ಕೂಟವನ್ನು ಸೇರಿ ಏನಾಗುತ್ತಾನೆಂಬ ವಿಚಾರಕ್ಕೆ ಸಂಬಂಧಪಟ್ಟಿರುವುದು ಸ್ವಾರಸ್ಯವಾದ ವಿಷಯ.

2

ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ಮಳೆಗೆ ಬಡವಾದ ಪ್ರದೇಶಗಳು. ವರ್ಷದಲ್ಲಿ 500 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯನ್ನು ನಂಬಿ ಶೇಂಗಾ ಬಿತ್ತಿದ ರೈತ, ಮೊಳಕಾಲ್ಮೂರಿನ ರೇಷ್ಮೆಯ ಮಗ್ಗದ ಮುಂದೆ ಹಗಲೆಲ್ಲ ಕುಳಿತ ನೇಕಾರ, ಕುರಿಯ ಹಿಂದೆ ಅಲೆದು ಹಟ್ಟಿಗೆ ಮರಳಿದ ಗೊಲ್ಲ, ಇವರಿಗೆ ರಾತ್ರಿ ಬೇಕಾದುದು ನಿದ್ರೆ. ಹೀಗಿರಲು, ಸುಗ್ಗಿ ಕಳೆದ ಮೇಲೆ ಊರಿನ ಗುಡಿಯ ಮುಂದೆ ತಾಲೀಮಿನ ಮದ್ದಳೆ ಏಕೆ ನುಡಿಯುತ್ತದೆ? ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು, ಒಂದೇ ರಾತ್ರಿಯ ಆಟಕ್ಕಾಗಿ ಪದವನ್ನೂ ಅರ್ಥವನ್ನೂ ಹೆಜ್ಜೆಯನ್ನೂ ಕಲಿಯುವ ಶ್ರಮವನ್ನು ಇವರ ಮೇಲೆ ಯಾರು ಹೇರಿದರು?

ಹೊತ್ತು ಕಳೆಯುವುದಕ್ಕೆ ಎಂಬುದು ರೂಢಿಯ ಉತ್ತರ. ಇದು ಸಾಲದು. ಹೊತ್ತು ಹೆಚ್ಚಾದವನು ಹೊತ್ತು ಕಳೆಯುವ ಉಪಾಯವನ್ನು ಹುಡುಕಿಯಾನು. ಹೊತ್ತೇ ಇಲ್ಲದವನು ಹುಡುಕುವುದುಂಟೆ? ಹಾಡು ಕೇಳುವ ಆಸೆಯಿಂದ ಎಂದರೆ ಅದೂ ಸಾಲದು. ಈಗ ಅಂಗಿಯ ಜೇಬಿನಲ್ಲಿರುವ ಪುಟ್ಟ ಯಂತ್ರ ನಾಡಿನ ಶ್ರೇಷ್ಠ ಗಾಯಕರ ಕಂಠವನ್ನು ಬೇಕೆಂದಾಗ ಕೇಳಿಸುತ್ತದೆ. ಅದನ್ನು ಬಿಟ್ಟು, ಶ್ರುತಿ ಸ್ವಲ್ಪ ತಪ್ಪಿದ ಹಾರ್ಮೋನಿಯಮ್ಮಿನ ಸುತ್ತ ಜನ ಏಕೆ ಕೂಡಬೇಕು?

ಪದಗಳ ಚರಿತ್ರೆ ಇಲ್ಲಿ ಸ್ವಲ್ಪ ದಾರಿ ತೋರುತ್ತದೆ. ಹೊಟ್ಟೆಪಾಡಿಗಲ್ಲದೆ ನಾಟಕವಾಡುವವರನ್ನು ಕನ್ನಡದಲ್ಲಿ ಹಿಂದೆ ವಿಲಾಸಿಗಳೆಂದು ಕರೆಯುತ್ತಿದ್ದರು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ಕಾಲದಲ್ಲಿ ಬಳಕೆಗೆ ಬಂದ ಭಾವನೆ ಇದು. ವಿಲಾಸವೆಂಬಲ್ಲಿ ಉಳ್ಳವರ ಬಿಡುವು ಧ್ವನಿಸುತ್ತದೆ. ಅನಂತರ ನಿಂತ ಮಾತು ಹವ್ಯಾಸಿ. ಮರಾಠಿಯಲ್ಲಿ ಹವ್ಯಾಸವೆಂದರೆ ಬಿಟ್ಟೆನೆಂದರೂ ಬಿಡದ ಆಸೆ. ಇಂಗ್ಲಿಷಿನ ಅಮೆಚೂರ್ ಎಂಬ ಮಾತಿನ ಬೇರು ಲ್ಯಾಟಿನಿನಲ್ಲಿ ಪ್ರೀತಿಸುವುದೆಂಬ ಅರ್ಥದ ಧಾತು. ಬಯಲುಸೀಮೆಯ ಮದ್ದಳೆಗಾರನಿಗೆ ವಿಲಾಸಿ ಎಂಬ ಹೆಸರು ಒಪ್ಪುವುದಿಲ್ಲ. ಹವ್ಯಾಸಿ ಎಂಬುದು ಒಪ್ಪುತ್ತದೆ. ಆದರೆ ಆಸೆ ಯಾವುದರದು ಎಂಬ ಪ್ರಶ್ನೆ ಉಳಿದೇ ಇದೆ.

3

ಕಾವ್ಯದಿಂದ ಏನು ಪ್ರಯೋಜನವೆಂಬುದನ್ನು ಆಲಂಕಾರಿಕರು ಬಗೆಬಗೆಯಾಗಿ ವಿಚಾರ ಮಾಡಿದ್ದಾರೆ. 11ನೆಯ ಶತಮಾನದ ಕಾಶ್ಮೀರದ ಮಮ್ಮಟನು ಆರು ಪ್ರಯೋಜನಗಳನ್ನೆಣಿಸಿದನು: ಯಶಸ್ಸು, ಅರ್ಥ, ವ್ಯವಹಾರಜ್ಞಾನ, ಅಮಂಗಳದ ನಿವಾರಣೆ, ಆ ಕ್ಷಣವೇ ದೊರೆಯುವ ಪರಮಾನಂದ, ಕಾಂತೆಯ ಮಾತಿನಂತೆ ಹಿತವಾದ ಉಪದೇಶ. ಒಂಟಿಯಾಗಿ ಕುಳಿತು ಬರೆಯುವ ಕವಿಯನ್ನೂ ಓದುವ ಸಹೃದಯನನ್ನೂ ಮುಂದಿಟ್ಟುಕೊಂಡು ಹೇಳಿದ ಮಾತಿದು. ಇದೇ ಅಳತೆಗೋಲನ್ನು ಕೂಟಕ್ಕೆ ಹಿಡಿದರೆ ಏನಾಗುತ್ತದೆಂಬುದನ್ನು ನೋಡತಕ್ಕದ್ದು.

ಮೊದಲು ಅರ್ಥ. ಧಾವಕ ಮೊದಲಾದವರು ಶ್ರೀಹರ್ಷನಿಂದ ಧನ ಪಡೆದರೆಂದು ಮಮ್ಮಟನು ಉದಾಹರಿಸುತ್ತಾನೆ. ಹಳ್ಳಿಯ ಹವ್ಯಾಸಿಗೆ ಇದು ತಲೆಕೆಳಗು. ಹಳೆಯ ಮೈಸೂರು ಪ್ರಾಂತದ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಪಾತ್ರ ವಹಿಸುವವನು ಹಣ ಪಡೆಯುವುದಿಲ್ಲ, ಕೊಡುತ್ತಾನೆ. ಕುರುಕ್ಷೇತ್ರ ನಾಟಕವಾದರೆ ಕೃಷ್ಣನಿಗೆ ಒಂದು ಬೆಲೆ, ದುರ್ಯೋಧನನಿಗೆ ಒಂದು ಬೆಲೆ, ದ್ವಾರಪಾಲಕನಿಗೆ ಒಂದು ಬೆಲೆ. ಸೀನರಿ, ಉಡುಪು, ದೀಪ, ಹಾರ್ಮೋನಿಯಂ ಮೇಷ್ಟರ ಸಂಭಾವನೆ ಎಲ್ಲವೂ ಈ ಹಣದಿಂದಲೇ ನಡೆಯಬೇಕು. ಪಟ್ಟಣದ ವಿಮರ್ಶಕರು ಇದನ್ನು ಕಂಡು ನಗುವುದುಂಟು. ನಗುವುದಕ್ಕೆ ಮೊದಲು ಒಂದು ಮಾತನ್ನು ಆಲೋಚಿಸಬೇಕು. ಸಾಲದ ಭಾರದಲ್ಲಿರುವ ಮನುಷ್ಯನು ಕೈಯಿಂದ ಕೊಟ್ಟು ಕರ್ಣನಾಗಲು ಒಪ್ಪುತ್ತಾನಾದರೆ, ಅವನಿಗೆ ಅಲ್ಲಿ ದೊರೆಯುವ ವಸ್ತು ಸಣ್ಣದಾಗಿರಲಾರದು. ಜೀವನದಲ್ಲಿ ಸದಾ ಕೈಯೊಡ್ಡಬೇಕಾದವನು ಒಂದು ರಾತ್ರಿ ದಾನಶೂರನಾಗುತ್ತಾನೆ.

ಆದರೂ ಇದರ ದೋಷವನ್ನು ಮರೆಮಾಚಬಾರದು. ಬೆಲೆಯಿಂದ ಪಾತ್ರವನ್ನು ಹಂಚಿದರೆ ಕಂಠವಿದ್ದವನಿಗೆ ದ್ವಾರಪಾಲಕನ ಕೋಲು, ಹಣವಿದ್ದವನಿಗೆ ಗದೆ ಬರುತ್ತದೆ. ಪ್ರೀತಿಗಾಗಿ ಹುಟ್ಟಿದ ಕೂಟದಲ್ಲಿ ಪ್ರೀತಿಯ ಅಳತೆ ಕೆಟ್ಟು ದುಡ್ಡಿನ ಅಳತೆ ನಿಲ್ಲುತ್ತದೆ. ಖರ್ಚನ್ನು ಹಂಚಿಕೊಳ್ಳುವುದು ಬೇರೆ, ಸ್ಥಾನವನ್ನು ಮಾರುವುದು ಬೇರೆ. ಈ ಎರಡನ್ನೂ ಒಂದು ಮಾಡಿಕೊಂಡುದೇ ಪೌರಾಣಿಕ ನಾಟಕದ ಮಂಡಳಿಗಳು ಕಲೆಯಲ್ಲಿ ಹಿಂದೆ ಬೀಳಲು ಒಂದು ಕಾರಣವೆಂದು ಹೇಳದೆ ವಿಧಿಯಿಲ್ಲ.

ಎರಡನೆಯದು ಯಶಸ್ಸು. ಕಾಳಿದಾಸನದು ದೇಶಕಾಲಗಳನ್ನು ದಾಟಿದ ಕೀರ್ತಿ. ಹವ್ಯಾಸಿಯ ಕೀರ್ತಿ ಸುತ್ತಲಿನ ಐದಾರು ಹಳ್ಳಿಗಳನ್ನು ದಾಟದು. ಆದರೆ ಕೀರ್ತಿಗೆ ಅಗಲವಿರುವಂತೆ ಆಳವೂ ಉಂಟು. ಒಮ್ಮೆ ಭೀಮನ ಪಾತ್ರದಲ್ಲಿ ಮೆರೆದವನನ್ನು ಊರು ಆತ ಮುದುಕನಾದ ಮೇಲೂ ಭೀಮನೆಂದೇ ಕರೆಯುತ್ತದೆ. ಮೊಮ್ಮಗನಿಗೆ ಭೀಮನ ಮೊಮ್ಮಗನೆಂಬ ಹೆಸರು ಬರುತ್ತದೆ. ತನ್ನನ್ನು ಹುಟ್ಟಿದಂದಿನಿಂದ ಬಲ್ಲವರ, ತನ್ನ ಬಡತನವನ್ನೂ ತಪ್ಪುಗಳನ್ನೂ ಕಂಡವರ ಎದುರಿನಲ್ಲಿ ಬೇರೊಂದು ಎತ್ತರಕ್ಕೇರಿ ನಿಂತು, ಅವರಿಂದಲೇ ಭಲೆ ಎನ್ನಿಸಿಕೊಳ್ಳುವ ಸುಖವಿದು. ಅಪರಿಚಿತರ ಚಪ್ಪಾಳೆ ಇದಕ್ಕೆ ಸಮವಲ್ಲ.

4

ಅಮಂಗಳ ನಿವಾರಣೆಗೆ ಮಮ್ಮಟನು ಸೂರ್ಯನನ್ನು ಸ್ತುತಿಸಿದ ಮಯೂರಕವಿಯನ್ನು ನೆನೆಯುತ್ತಾನೆ. ಕನ್ನಡನಾಡಿಗೆ ಇದಕ್ಕಿಂತ ಹತ್ತಿರದ ನಿದರ್ಶನ ವಿರಾಟಪರ್ವದ ವಾಚನ. ಮಳೆ ಹೋದ ವರ್ಷ ಊರಿನವರು ಕೂಡಿ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸಿ ಕೇಳುವ ಪದ್ಧತಿ ನಾಡಿನಲ್ಲಿ ಬಹುಕಾಲದಿಂದ ನಡೆದು ಬಂದಿದೆ. ವಿರಾಟಪರ್ವವೇ ಏಕೆ ಎಂದರೆ, ಕಾರಣ ಕಥೆಯಲ್ಲಿಯೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕುವ ಬಗೆಯನ್ನು ಆಲೋಚಿಸುವಾಗ, ಧರ್ಮರಾಯನು ನೆಲೆಸಿದ ನಾಡಿನಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗಿ ಬೆಳೆ ಹುಲುಸಾಗಿರುವುದೆಂದು ಭೀಷ್ಮನು ಹೇಳುತ್ತಾನೆ. ಮಳೆಯಿಲ್ಲದ ಊರು ಆ ಪರ್ವವನ್ನು ಓದಿಸುವುದೆಂದರೆ, ಮರೆಯಾಗಿರುವ ಧರ್ಮರಾಯನನ್ನು ತನ್ನ ಸೀಮೆಗೆ ಕರೆಯುವುದೆಂದೇ ಅರ್ಥ.

ಓದಿದುದರಿಂದ ಮೋಡ ಕಟ್ಟುವುದಿಲ್ಲವೆಂಬುದು ಈಗ ಶಾಲೆಯ ಹುಡುಗನಿಗೂ ಗೊತ್ತು. ಹಾಗಾದರೆ ಆ ವಾಚನ ವ್ಯರ್ಥವೆ? ಬರಗಾಲದಲ್ಲಿ ಹೊಲದ ಬಿರುಕಿಗಿಂತ ಭಯಂಕರವಾದುದು ಮನೆಯೊಳಗೆ ಒಬ್ಬೊಬ್ಬನೇ ಕುಳಿತು ಮಾಡುವ ಲೆಕ್ಕ. ಬೀಜದ ಸಾಲ ಎಷ್ಟು, ದನಗಳಿಗೆ ಮೇವು ಎಷ್ಟು ದಿನಕ್ಕೆ, ಊರು ಬಿಡಬೇಕೆ ಎಂಬ ಚಿಂತೆ ಪ್ರತಿಯೊಬ್ಬನಿಗೂ ತನ್ನದೊಂದೇ ಎಂಬಂತೆ ತೋರುತ್ತದೆ. ವಾಚನಕ್ಕೆ ಬಂದು ಕುಳಿತವನು ಪಕ್ಕದವನ ಮುಖದಲ್ಲಿಯೂ ಅದೇ ಚಿಂತೆಯನ್ನು ಕಾಣುತ್ತಾನೆ. ಓದುವವರ ರಾಗ, ಅರ್ಥ ಹೇಳುವವರ ವಿನೋದ, ಉತ್ತರಕುಮಾರನ ಪೌರುಷವನ್ನು ಕೇಳಿ ಎದ್ದ ನಗೆ, ಇವು ಮಳೆಯನ್ನು ತಾರದಿದ್ದರೂ ಮಳೆ ಬರುವ ತನಕ ಮನುಷ್ಯನನ್ನು ಊರಿನಲ್ಲಿ ನಿಲ್ಲಿಸುತ್ತವೆ. ಇದು ಅಮಂಗಳ ನಿವಾರಣೆಯಲ್ಲದೆ ಮತ್ತೇನು?

ವ್ಯವಹಾರಜ್ಞಾನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಓದು ಕಲಿಯದೆಯೂ ಕಾವ್ಯದ ಪ್ರಯೋಗದಲ್ಲಿ ಪಳಗಿದ ಜನ ಕನ್ನಡಿಗರೆಂದು 9ನೆಯ ಶತಮಾನದ ಕವಿರಾಜಮಾರ್ಗ ಹೊಗಳಿದುದನ್ನು ನಾಡಿನವರು ಹೆಮ್ಮೆಯಿಂದ ನೆನೆಯುತ್ತಾರೆ. ಆ ಪಳಗುವಿಕೆ ಎಲ್ಲಿ ಆಯಿತೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ಆಗಲಿಲ್ಲವಾದ ಮೇಲೆ ಕೂಟದಲ್ಲಿಯೇ ಆಗಿರಬೇಕು. ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿದ ತಾಲ್ಲೂಕು. ಅಲ್ಲಿ ಮನೆಯಲ್ಲಿ ತೆಲುಗನ್ನಾಡುವ ಕುಟುಂಬಗಳು ಬಹಳ. ಅಂಥ ಮನೆಯ ಯುವಕನು ಬಯಲಾಟದ ಅಟ್ಟವನ್ನೇರಿದಾಗ ಅವನ ನಾಲಗೆಯ ಮೇಲೆ ಹಳಗನ್ನಡದ ಛಾಯೆಯುಳ್ಳ ಸಂಸ್ಕೃತಭೂಯಿಷ್ಠವಾದ ಕನ್ನಡ ನಿರರ್ಗಳವಾಗಿ ಹರಿಯುತ್ತದೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಕಿವಿಯಿಂದ ಕಂಠಕ್ಕೆ ಇಳಿದ ವಿದ್ಯೆ ಅದು. ಭಾಷೆಯ ಗಡಿಯನ್ನು ಅಧಿಕಾರಿಗಳು ಗೆರೆಯೆಳೆದು ಗುರುತಿಸುತ್ತಾರೆ. ಕೂಟವು ಅದನ್ನು ಹಾಡಿ ದಾಟಿಸುತ್ತದೆ.

5

ಇನ್ನು ಮಮ್ಮಟನು ಎಲ್ಲ ಪ್ರಯೋಜನಗಳಿಗೂ ಮುಕುಟಪ್ರಾಯವೆಂದ ಆನಂದ. ಈ ಆನಂದ ಒಬ್ಬನೇ ಓದಿದಾಗಲೂ ಉಂಟಾಗುವುದಷ್ಟೆ, ಕೂಟದ ವಿಶೇಷವೇನು? ಇದಕ್ಕೆ ಅಭಿನವಗುಪ್ತನ ತಂತ್ರಾಲೋಕದಲ್ಲಿ ಉತ್ತರವಿದೆ. ದೇಹಭೇದದಿಂದ ಸಂಕುಚಿತವಾಗಿರುವ ಚೈತನ್ಯ, ನೃತ್ಯಗೀತಗಳನ್ನು ನೋಡಲು ಕೂಡಿದವರೆಲ್ಲ ಒಂದೇ ವಸ್ತುವಿನಲ್ಲಿ ತನ್ಮಯರಾದಾಗ, ಒಂದಕ್ಕೊಂದು ಎದುರಾದ ಕನ್ನಡಿಗಳಲ್ಲಿ ಬೆಳಕು ಹೆಚ್ಚುವಂತೆ ವಿಕಾಸ ಹೊಂದುತ್ತದೆಂದು ಆತನ ಅಭಿಪ್ರಾಯ. ಆ ಸಭೆಯಲ್ಲಿ ತನ್ಮಯನಾಗದವನೊಬ್ಬನಿದ್ದರೆ ಆ ವಿಕಾಸಕ್ಕೆ ಭಂಗ ಬರುವುದೆಂದೂ ಆತನು ಎಚ್ಚರಿಸುತ್ತಾನೆ. ಜೇಬಿನಲ್ಲಿರುವ ಯಂತ್ರ ಹಾಡನ್ನು ಕೊಡಬಲ್ಲದು. ಎದುರು ಕನ್ನಡಿಯನ್ನು ಕೊಡಲಾರದು. ಶ್ರುತಿ ಸ್ವಲ್ಪ ತಪ್ಪಿದ ಹಾರ್ಮೋನಿಯಮ್ಮಿನ ಸುತ್ತ ಜನ ಕೂಡುವುದರ ಗುಟ್ಟು ಇದೇ.

ಇಲ್ಲಿಂದ ಒಂದು ಮುಖ್ಯವಾದ ವಿಚಾರ ಹುಟ್ಟುತ್ತದೆ. ಯಾವ ಕೂಟದಲ್ಲಿಯೂ ಹಾಡುವವರು ಕೆಲವರು, ಕೇಳುತ್ತ ಕುಳಿತವರು ಹಲವರು. ಈ ಹಲವರು ಏನನ್ನೂ ಕೊಡದೆ ಸುಖವನ್ನು ಮಾತ್ರ ಉಣ್ಣುವವರೆಂದು ಕ್ರಿಯಾವಂತರು ಒಮ್ಮೊಮ್ಮೆ ಬೇಸರಿಸುತ್ತಾರೆ. ಅಭಿನವಗುಪ್ತನ ಮಾತು ನಿಜವಾದರೆ ಈ ಬೇಸರ ತಪ್ಪು. ಕೇಳುವವನು ಕನ್ನಡಿ, ಅವನಿಲ್ಲದೆ ಬೆಳಕು ಇಮ್ಮಡಿಯಾಗದು.

ಚಳ್ಳಕೆರೆ ತಾಲ್ಲೂಕೇ ಇದಕ್ಕೆ ಉಜ್ವಲವಾದ ಸಾಕ್ಷಿಯನ್ನು ಒದಗಿಸಿದೆ. ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು (1885–1939) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು, ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಕನ್ನಡದ ಅಶ್ವಿನೀದೇವತೆಗಳೆಂಬ ಹೆಸರನ್ನು ಹಂಚಿಕೊಂಡವರು. ಅವರ ಹೆಸರಿನಲ್ಲಿರುವ ಗ್ರಂಥಗಳು ಅವರ ವಿದ್ವತ್ತಿಗೆ ಹೋಲಿಸಿದರೆ ಸ್ವಲ್ಪವೇ. ಆದರೆ ಅವರ ಪ್ರೀತಿಯ ಕಿವಿಯನ್ನು ನಂಬಿ ಬೆಳೆದ ಶಿಷ್ಯರ ಸಾಲು ದೊಡ್ಡದು. ಕುವೆಂಪು ಅವರು 1949ರಲ್ಲಿ ಪ್ರಕಟವಾದ ತಮ್ಮ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು, ಹತ್ತು ವರ್ಷಗಳ ಹಿಂದೆ ಕಾಲವಾಗಿದ್ದ ಈ ಗುರುವಿಗೆ ಅರ್ಪಿಸಿದರು. ಅರ್ಪಣೆ ಎಂಬುದು ಬರಿಯ ಉಪಚಾರವಲ್ಲ. ಕೇಳುವವನೊಬ್ಬನಿದ್ದನೆಂಬ ನೆನಪಿನ ಬಲದ ಮೇಲೆ ಕವಿ ಎಷ್ಟು ದೂರ ನಡೆಯಬಲ್ಲನೆಂಬುದಕ್ಕೆ ಅದು ಪ್ರಮಾಣ.

ಅದೇ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು (1916–2013) ಇನ್ನೊಂದು ನಿದರ್ಶನ. ಅವರ ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕ ಮುಕುಂದೂರು ಸ್ವಾಮಿಗಳ ಸಹವಾಸದಿಂದ ಹುಟ್ಟಿದುದು. ಶಾಸ್ತ್ರವನ್ನು ಬಲ್ಲ ಪಂಡಿತರು, ಹಳ್ಳಿಯ ಆಡುಮಾತಿನಲ್ಲಿ ಮಾತನಾಡುವ ಸಾಧುವಿನ ಮುಂದೆ ಕೇಳುವವರಾಗಿ ಕುಳಿತರು. ಕೇಳಿದುದನ್ನು ತಿದ್ದದೆ ಆ ನುಡಿಯ ಸೊಗಡಿನಲ್ಲಿಯೇ ಉಳಿಸಿದರು. ಕೇಳುವಿಕೆಯೂ ಒಂದು ಸೃಷ್ಟಿಯೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಗ್ರಂಥಗಳು ವಿರಳ.

ಆರನೆಯ ಪ್ರಯೋಜನವಾದ ಕಾಂತಾಸಮ್ಮಿತ ಉಪದೇಶವೂ ಕೂಟದಲ್ಲಿ ಕೇಳುವವರಿಂದಲೇ ಬರತಕ್ಕದ್ದು. ವಾಚಕನು ಪದವನ್ನು ತಪ್ಪಾಗಿ ಒಡೆದಾಗ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಮುದುಕನು ತಪ್ಪೆಂದು ಕೂಗುವುದಿಲ್ಲ. ಮೆಲ್ಲಗೆ ಸರಿಯಾದ ಪಾಠವನ್ನು ಗುನುಗುತ್ತಾನೆ. ವಾಚಕನು ಹಿಂದಿರುಗಿ ಅದೇ ಪದ್ಯವನ್ನು ಸರಿಯಾಗಿ ಹಾಡುತ್ತಾನೆ. ಯಾರ ಮಾನವೂ ಹೋಗಲಿಲ್ಲ, ಪಾಠವೂ ಕೆಡಲಿಲ್ಲ. ಪ್ರಭುವಿನಂತೆ ಆಜ್ಞಾಪಿಸದೆ ಪ್ರಿಯೆಯಂತೆ ತಿದ್ದುವುದೆಂದರೆ ಇದೇ. ಈ ನಯವುಳ್ಳ ಕೂಟ ಬಾಳುತ್ತದೆ. ತಿದ್ದುವುದು ಹೀಯಾಳಿಸುವುದಾಗಿ ಬದಲಾದ ಕೂಟಕ್ಕೆ ಹೊಸಬನು ಎರಡನೆಯ ರಾತ್ರಿ ಬರುವುದಿಲ್ಲ.

6

ಮಮ್ಮಟನ ಆರು ಪ್ರಯೋಜನಗಳೂ ಹೀಗೆ ಕೂಟಕ್ಕೆ ಹೊಂದಿದರೂ, ಅವುಗಳಲ್ಲಿ ಅಡಗದ ಒಂದು ಉಳಿಯುತ್ತದೆ. ಅದನ್ನು ಋಣವೆಂದು ಕರೆಯಬಹುದು. ಅದರ ಸ್ವರೂಪವನ್ನು ತಿಳಿಯಲು ಗಂಡಸರ ಅಟ್ಟವನ್ನು ಬಿಟ್ಟು ಹೆಂಗಸರ ಅಂಗಳಕ್ಕೆ ಹೋಗಬೇಕು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಲ್ಲವರಲ್ಲ. ಆಕೆಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಶ್ರದ್ಧೆಯಿಂದ ಅವುಗಳನ್ನು ಸಂಗ್ರಹಿಸಿ ಲೋಕಕ್ಕೆ ತಿಳಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವವನ್ನಿತ್ತು ಮನ್ನಿಸಿತು. ಆ ಹಾಡುಗಳು ಯಾವ ಸಂಘದ ಸಭೆಯಲ್ಲಿಯೂ ಕಲಿತವಲ್ಲ. ಬೀಸುವ ಕಲ್ಲಿನ ಮುಂದೆ, ಮದುವೆಯ ಹಸೆಯ ಬಳಿ, ಹಬ್ಬದ ಸೋಬಾನೆಯಲ್ಲಿ ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿಯುವ ಕೂಟದಲ್ಲಿ ಇಂಥ ಹಾಡು ಬಾಯಿಂದ ಬಾಯಿಗೆ ಬರುತ್ತದೆ. ಅಲ್ಲಿ ಪಾತ್ರಕ್ಕೆ ಬೆಲೆಯಿಲ್ಲ, ಅಟ್ಟವಿಲ್ಲ, ಪ್ರೇಕ್ಷಕರೂ ಇಲ್ಲ. ಎಲ್ಲರೂ ಹಾಡುವವರೇ, ಎಲ್ಲರೂ ಕೇಳುವವರೇ. ಹಾಡು ಯಾರದೆಂದು ಕೇಳಿದರೆ ಅಜ್ಜಿ ಹೇಳಿಕೊಟ್ಟಳೆಂಬುದೇ ಉತ್ತರ. ಪಡೆದವಳು ಕೊಡಬೇಕು, ಕೊಡದೆ ಸತ್ತರೆ ಹಾಡೂ ಸಾಯುತ್ತದೆ. ಈ ಋಣಪ್ರಜ್ಞೆಯೇ ಕೂಟವನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುವ ಶಕ್ತಿ. ಯಶಸ್ಸನ್ನೋ ಆನಂದವನ್ನೋ ಬಯಸಿ ಕೂಟಕ್ಕೆ ಬಂದವನು ಅವು ತೀರಿದ ಮೇಲೆ ಎದ್ದು ಹೋಗಬಹುದು. ಋಣವನ್ನರಿತವನು ಕೊನೆಯ ದೀಪ ಆರುವವರೆಗೂ ಕುಳಿತಿರುತ್ತಾನೆ.

ಇಲ್ಲಿಯೇ ಒಂದು ನಿಷ್ಠುರವಾದ ಮಾತನ್ನೂ ಆಡಬೇಕಾಗಿದೆ. ಸಾವಿರಾರು ಹಾಡುಗಳನ್ನು ಹೊತ್ತ ಹೆಂಗಸರಿರುವ ಸೀಮೆಯಲ್ಲಿ ಬಯಲಾಟದ ದ್ರೌಪದಿ ಹಿಂದೆ ಮೀಸೆ ಬೋಳಿಸಿದ ಗಂಡಸಾಗಿದ್ದಳು; ಅನಂತರದ ಹಳ್ಳಿಯ ನಾಟಕಗಳಲ್ಲಿ ಆಕೆ ಪಟ್ಟಣದಿಂದ ಸಂಭಾವನೆ ಕೊಟ್ಟು ಕರೆಸಿದ ನಟಿಯಾದಳು. ಊರಿನ ಹೆಣ್ಣುಮಗಳಿಗೆ ಊರಿನ ಅಟ್ಟದ ಮೇಲೆ ಸ್ಥಾನ ದೊರೆತುದು ಅಪರೂಪ. ಬೆಳಗೆರೆ ಕೃಷ್ಣಶಾಸ್ತ್ರಿಗಳ ಸೋದರಿ ಜಾನಕಮ್ಮನವರು ಕವಯಿತ್ರಿಯಾದುದು ಮನೆಯೇ ಕಾವ್ಯದ ಕೂಟವಾಗಿದ್ದ ಭಾಗ್ಯದಿಂದ. ಅಂಥ ಮನೆಗಳೆಷ್ಟು? ಹಾಗೆಯೇ ಜಾತಿಯ ಭೇದದಿಂದ ಪಂಕ್ತಿಯ ಹೊರಗೆ ನಿಂತು ಹಾಡು ಕೇಳಿದವರ ಲೆಕ್ಕವನ್ನು ಯಾವ ಮಂಡಳಿಯ ದಫ್ತರವೂ ಬರೆದಿಟ್ಟಿಲ್ಲ. ಉರುಮೆಯನ್ನು ನುಡಿಸಲು ಕರೆದು, ಪಕ್ಕದಲ್ಲಿ ಕುಳ್ಳಿರಿಸಲು ಹಿಂಜರಿದ ಕೂಟ ಕನ್ನಡಿಯನ್ನು ಅರ್ಧ ಒಡೆದುಕೊಂಡ ಕೂಟ. ಅಭಿನವಗುಪ್ತನು ಹೇಳಿದ ವಿಕಾಸ ಅಲ್ಲಿ ಪೂರ್ಣವಾಗಿ ಹೇಗಾದೀತು?

7

ಹಾಗಾದರೆ ಕೂಟವನ್ನು ಉಳಿಸತಕ್ಕ ಉಪಾಯವೇನು? ಮೇಲಣ ವಿಚಾರದಿಂದ ಕೆಲವು ಮಾತುಗಳು ತಾವಾಗಿಯೇ ಹೊರಡುತ್ತವೆ. ಖರ್ಚು ಎಲ್ಲರದಾಗಲಿ, ಪಾತ್ರ ಕಂಠದ್ದಾಗಲಿ. ಸರಕಾರದ ಧನಸಹಾಯ ಬಂದರೆ ಸೀನರಿಗೂ ದೀಪಕ್ಕೂ ಸಲ್ಲಲಿ. ಅದಿಲ್ಲದೆ ತಾಲೀಮು ನಡೆಯದೆಂಬ ಸ್ಥಿತಿ ಬಾರದಿರಲಿ, ಏಕೆಂದರೆ ಹಣದಿಂದ ಆರಂಭವಾದ ಕೂಟ ಹಣದೊಡನೆಯೇ ಮುಗಿಯುತ್ತದೆ. ಹೊಸಬನು ಬಂದ ರಾತ್ರಿಯೇ ಅವನ ಕೈಗೆ ತಾಳವನ್ನಾದರೂ ಕೊಡಬೇಕು. ಮಾಡುವುದಕ್ಕೆ ಏನೂ ಇಲ್ಲದವನು ನೋಡುವುದಕ್ಕೂ ಬಹುಕಾಲ ಬಾರನು. ಬೆಂಗಳೂರಿಗೆ ದುಡಿಯಲು ಹೋದ ಯುವಕನು ನಾಯಕನಹಟ್ಟಿಯ ತೇರಿಗೋ ಗೌರಸಮುದ್ರದ ಮಾರಮ್ಮನ ಜಾತ್ರೆಗೋ ಊರಿಗೆ ಬಂದಾಗ ಅವನಿಗಾಗಿ ಒಂದು ಸಣ್ಣ ಪಾತ್ರವನ್ನು ಕಾದಿರಿಸಿದರೆ, ಅವನು ಊರಿಗೆ ನೆಂಟನಾಗಿ ಬಾರದೆ ಊರಿನವನಾಗಿಯೇ ಬರುತ್ತಾನೆ. ಎಲ್ಲಕ್ಕೂ ಮಿಗಿಲಾಗಿ, ಸುಮ್ಮನೆ ಕೇಳುತ್ತ ಕುಳಿತವನನ್ನು ಗೌರವಿಸಬೇಕು.

ಬ್ರಹ್ಮಗಿರಿಯ ಶಾಸನದ ಕೊನೆಯ ಸಾಲಿಗೆ ಮತ್ತೆ ಬರುವುದು ಯುಕ್ತ. ದೊರೆಯ ಮಾತನ್ನೆಲ್ಲ ಬ್ರಾಹ್ಮೀ ಲಿಪಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ ಕೊನೆಗೆ ತನ್ನ ಹೆಸರನ್ನು ಸೇರಿಸಿದ್ದಾನೆ. ಲಿಪಿಕಾರನೆಂದು ತನ್ನನ್ನು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ, ದೂರದ ವಾಯವ್ಯ ದೇಶದಲ್ಲಿ ಬಳಕೆಯಲ್ಲಿದ್ದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿಸಿದ್ದಾನೆ. ದೊರೆಯ ಸಂದೇಶಕ್ಕೆ ಆ ಪದದಿಂದ ಏನೂ ಸೇರಲಿಲ್ಲ. ಸುತ್ತಲಿದ್ದವರಲ್ಲಿ ಆ ಲಿಪಿಯನ್ನು ಓದಬಲ್ಲವರು ಇದ್ದರೋ ಇಲ್ಲವೋ. ಉದ್ಯೋಗಕ್ಕೆ ಬೇಕಾದುದನ್ನೆಲ್ಲ ಮುಗಿಸಿದ ಮೇಲೆ, ತನಗೆ ಬರುವ ವಿದ್ಯೆಯ ಪ್ರೀತಿಯಿಂದ ಬರೆದ ಪದವೆಂದೇ ಅದು ತೋರುತ್ತದೆ. ಓದಬಲ್ಲ ಒಬ್ಬನಾದರೂ ಎಂದಾದರೊಮ್ಮೆ ಈ ಬಂಡೆಯ ಮುಂದೆ ನಿಂತಾನೆಂಬ ನಿರೀಕ್ಷೆ ಆ ಕೆತ್ತನೆಯಲ್ಲಿದೆ. ಆ ಓದುಗನಿಗಾಗಿ ಚಪಡನು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು.

ಗುಡಿಯ ಮುಂದೆ ಮದ್ದಳೆಯನ್ನು ಶ್ರುತಿಗೊಳಿಸುತ್ತಿರುವ ಹಳ್ಳಿಯವನು ಅಷ್ಟು ಕಾಲ ಕಾಯಬೇಕಾಗಿಲ್ಲ. ಅವನ ಲಿಪಿಯನ್ನು ಬಲ್ಲವರು ಊಟ ಮುಗಿಸಿ, ಕಂಬಳಿ ಹೊದ್ದು, ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳುತ್ತಿದ್ದಾರೆ. ಕೂಟದ ಪ್ರಯೋಜನ ಇದಕ್ಕಿಂತ ಬೇರೆಯಲ್ಲ.